ಹೆಲ್ಮೆಟ್ ವಾಪಸ್ ಕೇಳಿದವರಿಗೆ

ರೆಸ್ಪೆಕ್ಟೆಡ್ ದೊಡ್ಡ ಕಂಟ್ರಾಕ್ಟರ್ ಸಾಹೇಬರಿಗೆ,

‘ಐ ಬೆಗ್ ಟು ಸ್ಟೇಟ್’ ಎಂದು ಶುರುಮಾಡಲು ಕಾಲೇಜಿನಲ್ಲಿ ಕಲಿಸಿದ್ದರು, ನಾನು ಬೇಡುತ್ತಿಲ್ಲ. ನನ್ನವಳು ಬದುಕಿದ್ದರೆ ಇಷ್ಟು ಮರ್ಯಾದೆಯಾಗಿ ಬರೆಯಲೂ ಬಿಡುತ್ತಿರಲಿಲ್ಲ.

ನಿಮ್ಮ ಕಟ್ಟಡದ ಸಾರುವೆಯಿಂದ ಬಿದ್ದು ನನ್ನ ಅಳಿಯನ ಸೊಂಟ ಮುರಿದಿದೆ. ಅವನನ್ನು ಕೆಲಸಕ್ಕೆ ಕರೆತಂದ ಮೇಸ್ತ್ರಿ ವಿಮೆಯನ್ನೇ ಮಾಡಿಸಿಲ್ಲ, ಈಗ ಫೋನೂ ಎತ್ತುವುದಿಲ್ಲ. ನಿಮ್ಮ ಮ್ಯಾನೇಜರನ್ನು ಪರಿಹಾರ ಕೇಳಿದರೆ, “ಅವ್ನು ನಮ್ಮ ಆಳೇ ಅಲ್ಲ ಯಜಮಾನ್ರೇ, ಮೇಸ್ತ್ರೀನ ಹಿಡ್ಕೊಳ್ಳಿ” ಅಂದರು. ಮಾರನೇ ದಿನ ಅವರೇ ಆಸ್ಪತ್ರೆಗೆ ಬಂದರು. ಕಾಲು ಆಡುತ್ತದೆಯೇ ಎಂದೂ ಕೇಳದೆ, “ಹೆಲ್ಮೆಟ್ ಕೊಡಿ, ಅದು ಕಂಪನೀದು” ಅಂದರು.

ನಾನು ಕೊಡಲಿಲ್ಲ. ಹೆಲ್ಮೆಟ್ ನಿಮ್ಮದೆಂದು ಸಹಿ ಹಾಕಿ ಬರೆದುಕೊಡಿ. ಆ ಕಾಗದವನ್ನೂ ಹೆಲ್ಮೆಟ್ಟನ್ನೂ ಕಾರ್ಮಿಕ ಅಧಿಕಾರಿಯ ಮೇಜಿನ ಮೇಲಿಡುತ್ತೇನೆ. ಅದರೊಳಗಿದ್ದ ತಲೆ ಯಾರದೆಂದು ಅವರೇ ನಿಮ್ಮನ್ನು ಕೇಳಲಿ.

‘ಯುವರ್ಸ್ ಒಬೀಡಿಯೆಂಟ್ಲಿ’ ಎಂದು ಮಾತ್ರ ಬರೆಯಲಾರೆ,
ನಿಮ್ಮ ಆಳಲ್ಲದವನ ಮಾವ