ಒಂದು ಲಗ್ನಪತ್ರಿಕೆಯಷ್ಟು ಸಂದು

ಕಂಪ್ಲಿ
ತಾ. 24-1-1985, ಗುರುವಾರ

ಚಿರಂಜೀವಿ ಜಡೆಪ್ಪನಿಗೆ ನಿನ್ನ ಅಣ್ಣ ಉಜ್ಜಿನಪ್ಪ ಮಾಡುವ ಆಶೀರ್ವಾದ.

ಹೇಗಿದ್ದೀ? ಸಂಡೂರಿನ ಕೆಂಪು ಧೂಳಿಗೆ ನಿನ್ನ ಕೆಮ್ಮು ಹೆಚ್ಚಾಗಿರಬೇಕು ಎಂದು ನಿನ್ನ ಅತ್ತಿಗೆ ದಿನಕ್ಕೊಮ್ಮೆಯಾದರೂ ಅನ್ನುತ್ತಾಳೆ. ಎದೆಗೆ ಬಿಸಿ ಎಣ್ಣೆ ಹಚ್ಚಿಸಿಕೋ, ಬೀಡಿ ಕಡಿಮೆ ಮಾಡು. ನಿನ್ನ ಮನೆಯಾಕೆ ಹಂಪಮ್ಮನ ಮೊಣಕಾಲು ನೋವು ಈಗ ಹೇಗಿದೆ? ಗಣಿಯ ಕ್ವಾರ್ಟರ್ಸಿಗೆ ನೀರು ದೂರದಿಂದ ಹೊರಬೇಕಂತೆ ಎಂದು ಯಾರೋ ಹೇಳಿದರು, ಕೇಳಿ ಮನಸ್ಸಿಗೆ ಬೇಸರವಾಯಿತು. ನಾವೆಲ್ಲ ಚೆನ್ನಾಗಿದ್ದೇವೆ. ಸಂಕ್ರಾಂತಿ ಮುಗಿದರೂ ಗಿರಣಿಗೆ ಭತ್ತ ಬರುವುದು ಮುಗಿದಿಲ್ಲ. ಅಂಗಳದಲ್ಲಿ ಚೀಲ ಇಡಲು ಜಾಗವಿಲ್ಲ, ಹೊಟ್ಟಿನ ರಾಶಿ ಕಾಂಪೌಂಡ್ ಗೋಡೆಗಿಂತ ಎತ್ತರವಾಗಿದೆ. ಹನ್ನೊಂದು ತಿಂಗಳಾದ ಮೇಲೆ ಈಗ ನೆನಪಾಯಿತೇನು ಎಂದು ನೀನು ಕೇಳಬಹುದು. ನೆನಪು ದಿನಾಲೂ ಇತ್ತು, ಬರೆಯಲು ಧೈರ್ಯವಿರಲಿಲ್ಲ. ಈಗಲೂ ಅಷ್ಟಾಗಿ ಇಲ್ಲ. ಅದಕ್ಕೇ ಗಾಡಿಯ ಸುದ್ದಿಯಿಂದ ಶುರು ಮಾಡುತ್ತೇನೆ.

ಈ ಅಮಾವಾಸ್ಯೆಗೂ ಎಂದಿನಂತೆ ಗಿರಣಿ ನಿಲ್ಲಿಸಿ, ನಮ್ಮ ಅಂಬಾಸಡರಿನ ಬಾನೆಟ್ ಎತ್ತಿದೆ. ನೀನಿಲ್ಲದೆ ಆ ಕೆಲಸದಲ್ಲಿ ರುಚಿಯಿಲ್ಲ. ಮೊದಲಾದರೆ ನೀನು ಪ್ಲಗ್ ಬಿಚ್ಚಿ ಮಸಿ ಕೆರೆದು ಸೀಮೆಎಣ್ಣೆಯಲ್ಲಿ ತೊಳೆಯುತ್ತಿದ್ದೆ, ನಾನು ಏರ್ ಫಿಲ್ಟರ್ ಸ್ವಚ್ಛ ಮಾಡುತ್ತಿದ್ದೆ. ಗಿರಣಿ ಅಂಗಳದಲ್ಲೇ ನಿಲ್ಲುವ ಗಾಡಿ, ತಿಂಗಳಿಗೆ ಒಂದು ಹಿಡಿ ತೌಡು ಆ ಫಿಲ್ಟರಿನಿಂದ ಬರುತ್ತಿತ್ತು. 'ಇದನ್ನ ಎಮ್ಮಿಗೆ ಹಾಕಿದ್ರ ಪೆಟ್ರೋಲಿನ ರೊಕ್ಕ ಹಾಲಿನ್ಯಾಗ ಬರ್ತತಿ ನೋಡಣ್ಣ' ಎಂದು ನೀನು ಅನ್ನದ ಅಮಾವಾಸ್ಯೆಯಿಲ್ಲ. ಒಂದು ತಿಂಗಳು ಆ ತೌಡು ತೆಗೆಯದೆ ಬಿಟ್ಟರೆ ಗಾಡಿ ಉಸಿರು ಕಟ್ಟಿದಂತೆ ಓಡುವುದನ್ನು ನಾವಿಬ್ಬರೂ ನೋಡಿದ್ದೇವೆ. ಈಗ ಎಲ್ಲ ನಾನೇ ಮಾಡುತ್ತೇನೆ. ಆಯಿಲ್ ಎಷ್ಟಿದೆಯೆಂದು ಕಡ್ಡಿ ಎಳೆದು ನೋಡಲು ಕನ್ನಡಕ ಬೇಕಾಗಿದೆ. ಆಯಿಲ್, ರೇಡಿಯೇಟರಿನ ನೀರು, ಫ್ಯಾನ್ ಬೆಲ್ಟು ಎಲ್ಲ ಆದಮೇಲೆ ಕೊನೆಗೆ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು ಪಾಯಿಂಟ್ ಸೆಟ್ ಮಾಡುವುದು, ತೆರೆದು ಮುಚ್ಚಿ ಪ್ಲಗ್ಗಿಗೆ ಕಿಡಿ ಕೊಡಿಸುವ ಆ ಎರಡು ಪಾಯಿಂಟುಗಳ ನಡುವಿನ ಸಂದು ಹೊಂದಿಸುವುದು. ಆ ಕೆಲಸವೊಂದನ್ನು ಮಾತ್ರ ನಾನು ನಿನಗೆ ಎಂದೂ ಬಿಟ್ಟುಕೊಡಲಿಲ್ಲ. ಅದು ನನ್ನೊಬ್ಬನ ಕೈಗೇ ಒಲಿದದ್ದು ಎಂಬ ಹಮ್ಮು ನನಗೆ.

ಆ ವಿದ್ಯೆ ಎಲ್ಲಿಂದ ಬಂತೆಂದು ನಿನಗೆ ಗೊತ್ತೇ ಇದೆ, ಆದರೂ ಬರೆಯುತ್ತೇನೆ, ಮುಂದಿನ ಮಾತಿಗೆ ಬೇಕು. ನಿನ್ನ ಮದುವೆಯ ವರ್ಷ ಗಾಡಿ ಕೊಂಡೆವು. ಹೊಸಪೇಟೆಯ ಮೆಕ್ಯಾನಿಕ್ ಪಕ್ಕೀರಪ್ಪ ಮೊದಲ ಸಲ ಪಾಯಿಂಟ್ ಸೆಟ್ ಮಾಡುವಾಗ ಸಂದು ಅಳೆಯುವ ಪಟ್ಟಿ ಸಿಗಲಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ನಿನ್ನ ಲಗ್ನಪತ್ರಿಕೆ ಬಿದ್ದಿತ್ತು. ಅದನ್ನೇ ಎರಡು ಪಾಯಿಂಟುಗಳ ನಡುವೆ ತೂರಿಸಿ ಸ್ಕ್ರೂ ಬಿಗಿದು, 'ಸರಿಯಾಕ್ಕತಿ ನೋಡ್ರಿ ಸಾವ್ಕಾರ್ರ, ಒಂದು ಲಗ್ನಪತ್ರಿಕಿಯಷ್ಟು ಸಂದು, ಮರೀಬ್ಯಾಡ್ರಿ' ಅಂದ. ನಾನು ಮರೆಯಲಿಲ್ಲ. ಆ ಪತ್ರಿಕೆ ಗ್ರೀಸು ಕುಡಿದು ಹರಿದುಹೋದ ಮೇಲೆ ಗಿರಣಿಗೆ ಬಂದ ಮತ್ತೊಂದನ್ನು ಇಟ್ಟುಕೊಂಡೆ. ಅದು ಹರಿದಾಗ ಇನ್ನೊಂದು. ನಮ್ಮಲ್ಲಿ ಲಗ್ನಪತ್ರಿಕೆಗೆ ಎಂದಾದರೂ ಬರವುಂಟೇ?

ಇನ್ನು ಹೋದ ವರ್ಷ ಶಿವರಾತ್ರಿಗೆ ಮುಂಚಿನ ಮಾತು. ನಮ್ಮ ಮಗಳು ಪಂಪಾವತಿಯನ್ನು ನೋಡಲು ಬಂದ ಗಂಡಿನ ಕಡೆಯವರನ್ನು ಸಂಡೂರಿಗೆ ಬಿಟ್ಟುಬರಲು ನಿನ್ನನ್ನೇ ಕಳಿಸಿದ್ದೆ. ಘಾಟಿಯ ಏರಿನಲ್ಲಿ ಗಾಡಿ ಕೆಮ್ಮಿ ಕೆಮ್ಮಿ ನಿಂತು, ಹಿರಿಯರೆಲ್ಲ ಇಳಿದು ಬಿಸಿಲಲ್ಲಿ ನಡೆಯಬೇಕಾಯಿತು. ಆ ಸಂಬಂಧ ಬೇರೆ ಕಾರಣಕ್ಕೆ ಕೂಡಿಬರಲಿಲ್ಲ, ಅದನ್ನೂ ನಾನು ನಿನ್ನ ತಲೆಗೇ ಕಟ್ಟಿದೆ. ನೀನು ಮೊದಲಿನಿಂದಲೂ 'ಅಣ್ಣಾ, ಗಾಡ್ಯಾಗ ಏನೋ ಐತಿ, ಒಮ್ಮೆ ಪಕ್ಕೀರಪ್ಪಗ ತೋರಸೂಣು' ಅನ್ನುತ್ತಿದ್ದೆ. ನಾನು ಸೆಟ್ ಮಾಡಿದ ಎಂಜಿನ್ನನ್ನು ಇನ್ನೊಬ್ಬ ನೋಡುವುದೆಂದರೇನು? ನೀನು ಎಕ್ಸಲರೇಟರ್ ಮೇಲೆ ನಿಂತೇ ಓಡಿಸುತ್ತೀ ಎಂದೆ. ಅಷ್ಟಕ್ಕೇ ನಿಲ್ಲಿಸಲಿಲ್ಲ. ಗಿರಣಿಯ ಅಂಗಳದಲ್ಲಿ, ಹಮಾಲರೆಲ್ಲ ಕೇಳುವಂತೆ, 'ನಿನ್ನ ಕೈಗೆ ಕೊಟ್ಟಿದ್ದು ಯಾವುದೂ ಉಳಿಯಂಗಿಲ್ಲಲೇ, ನಾಳೆ ಗಿರಣಿನೂ ಹಿಂಗ ಮುಗಸ್ತಿ' ಅಂದೆ. ನೀನು ಗಾಡಿಯ ಕೀಲಿಕೈಯನ್ನು ತಕ್ಕಡಿಯ ಮೇಲಿಟ್ಟು ಒಳಗೆ ಹೋದೆ. ಎಂಟು ದಿನದಲ್ಲಿ ಹಂಪಮ್ಮನನ್ನು ಕರೆದುಕೊಂಡು ಸಂಡೂರಿಗೆ ಹೊರಟೆ, ಗಣಿ ಕಂಪನಿಯ ಜೀಪು ನೋಡಿಕೊಳ್ಳುವ ಕೆಲಸಕ್ಕೆ. ಬಸ್ ಸ್ಟ್ಯಾಂಡಿನವರೆಗೂ ನಾನು ಬರಲಿಲ್ಲ.

ನೀನು ಹೋದ ಮೇಲೂ ಗಾಡಿ ಸುಧಾರಿಸಲಿಲ್ಲ. ಕಾಲುವೆ ದಂಡೆಯ ಸಪಾಟು ದಾರಿಯಲ್ಲಿ ಚೆನ್ನಾಗಿಯೇ ಓಡುತ್ತಿತ್ತು, ನಾಲ್ಕು ಜನ ಕೂತು ಕಮಲಾಪುರದ ಹತ್ತಿರ ಸ್ವಲ್ಪ ಏರು ಬಂದರೆ ಸಾಕು, ಎಳೆಯುತ್ತಿರಲಿಲ್ಲ. ಪೆಟ್ರೋಲು ಮಾತ್ರ ಕುಡಿಯುತ್ತಿತ್ತು. ಜಡೆಪ್ಪ ಅಷ್ಟು ಕೆಡಿಸಿ ಹೋಗಿದ್ದಾನೆ ಎಂದು ನನಗೆ ನಾನೇ ಹೇಳಿಕೊಂಡೆ. ನೋಡು, ಎಂಥ ಮನುಷ್ಯ ನಾನು.

ಈ ಅಮಾವಾಸ್ಯೆಗೆ ಕೈಯಲ್ಲಿದ್ದದ್ದು ಬಂಗಾರದ ಅಂಚಿನ ಹೊಸ ಪತ್ರಿಕೆ. ಪಾಯಿಂಟಿನೊಳಗೆ ಅದು ತೂರಲೊಲ್ಲದು. ಒತ್ತುತ್ತಾ ಕೂತಿದ್ದೆ. ಕಾಫಿ ತಂದ ನಿನ್ನ ಅತ್ತಿಗೆ ಮರುಳಸಿದ್ದಮ್ಮ ನಿಂತು ನೋಡಿದಳು. 'ಏನ್ರೀ, ಇದು ಪತ್ರಿಕಿನೋ ಹಲಗಿನೋ? ಜಡೆಪ್ಪನ ಮದುವಿ ಪತ್ರಿಕಿ ಇಷ್ಟು ದಪ್ಪ ಎಲ್ಲಿತ್ತು?' ಅಂದು ಒಳಗೆ ಹೋದಳು. ನನ್ನ ಕೈ ಅಲ್ಲೇ ನಿಂತಿತು. ಅವ್ವನ ಟ್ರಂಕು ತೆಗೆದೆ. ಅವಳ ಇಳಕಲ್ ಸೀರೆಯ ಮಡಿಕೆಯಲ್ಲಿ ನಿನ್ನ ಲಗ್ನಪತ್ರಿಕೆ, ನಾಲ್ಕು ಮೂಲೆಗೆ ಕುಂಕುಮ ಹಚ್ಚಿದ್ದು, ಹಾಗೇ ಇತ್ತು. ಎರಡನ್ನೂ ಬೆರಳಲ್ಲಿ ಹಿಡಿದು ನೋಡಿದೆ. ಹೊಸದು ಹಳೆಯದರ ಎರಡರಷ್ಟು ದಪ್ಪ. ಕಾಲುವೆ ನೀರು ಬಂತು, ಎರಡು ಬೆಳೆ ಬಂತು, ನಮ್ಮ ಜನರ ಪತ್ರಿಕೆಗಳು ವರ್ಷದಿಂದ ವರ್ಷಕ್ಕೆ ದಪ್ಪವಾದವು. ನಾನು ಮಾತ್ರ ಹನ್ನೆರಡು ವರ್ಷ ಒಂದೇ ಅಳತೆ ಎಂದುಕೊಂಡು ಸಂದು ಅಗಲ ಮಾಡುತ್ತಲೇ ಬಂದೆ.

ಅವ್ವ ಇಟ್ಟಿದ್ದ ಪತ್ರಿಕೆಯಿಂದಲೇ ಪಾಯಿಂಟ್ ಸೆಟ್ ಮಾಡಿದೆ. ಸ್ಟಾರ್ಟ್ ಮಾಡಿದಾಗಲೇ ಎಂಜಿನ್ನಿನ ಸದ್ದು ಬೇರೆಯಾಗಿತ್ತು. ಮರುದಿನ ಒಬ್ಬನೇ ಹೊರಟೆ. ಹೊಸಪೇಟೆಯಲ್ಲಿ ಪಕ್ಕೀರಪ್ಪನಿಗೆ ಹೇಳಿದರೆ ಹೊಟ್ಟೆ ಹಿಡಿದುಕೊಂಡು ನಕ್ಕ. ಪಾಯಿಂಟ್ ಮುಚ್ಚಿರುವಷ್ಟು ಹೊತ್ತು ಮಾತ್ರ ಕಿಡಿಗೆ ಬೇಕಾದ ಇಗ್ನಿಷನ್ ಕಾಯಿಲ್‌ಗೆ ಕರೆಂಟ್ ತುಂಬುತ್ತದಂತೆ. ಸಂದು ಅಗಲವಾದರೆ ತುಂಬಲು ಹೊತ್ತು ಸಾಲದು, ಭಾರ ಎಳೆಯುವಾಗ ಕಿಡಿ ಸೋಲುತ್ತದೆ ಅಂದ. ಅಲ್ಲಿಂದ ಸಂಡೂರಿನ ಘಾಟಿ ಹತ್ತಿದೆ. ನೀನು ನಿಂತ ಜಾಗದಲ್ಲಿ ಗಾಡಿ ಮೂರನೇ ಗೇರಿನಲ್ಲಿ ಒಮ್ಮೆಯೂ ಕೆಮ್ಮದೆ ಏರಿತು. ನನಗೆ ಸಂತೋಷವಾಗಬೇಕಿತ್ತು, ಅಳು ಬಂತು.

ನಿನ್ನ ಕ್ವಾರ್ಟರ್ಸಿನ ಬೀದಿಯವರೆಗೂ ಬಂದಿದ್ದೆ ಜಡೆಪ್ಪ. ಬೇವಿನ ಮರದ ಕೆಳಗೆ ನೀನು ಜೀಪಿನ ಬಾನೆಟ್ಟಿನೊಳಗೆ ಬಗ್ಗಿದ್ದೆ, ಹೆಗಲ ಮೇಲೆ ಮಸಿಬಟ್ಟೆ. ಹಿಂದಿನಿಂದ ಅಪ್ಪನ ಹಾಗೆಯೇ ಕಂಡೆ. ಕೂದಲು ಅಷ್ಟು ಬೆಳ್ಳಗಾಗಿದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಹಾರ್ನ್ ಮೇಲೆ ಕೈ ಇಟ್ಟೆ, ಒತ್ತಲಾಗಲಿಲ್ಲ. ಗಾಡಿ ತಿರುಗಿಸಿದೆ.

ಬಂದವನೇ ಹಮಾಲರನ್ನು ಕರೆದು, ಅಂದು ನಿನಗೆ ಬೈದ ಜಾಗದಲ್ಲೇ ನಿಂತು, ಗಾಡಿ ಕೆಡಿಸಿದವನು ನಾನು, ನನ್ನ ತಮ್ಮನಲ್ಲ ಎಂದು ಹೇಳಿದೆ. ಅವರಲ್ಲಿ ಓಬಳಪ್ಪ, 'ನಮಗ್ಯಾಕ ಹೇಳ್ತೀರಿ ಸಾವ್ಕಾರ್ರ, ಸಣ್ಣ ಸಾವ್ಕಾರ್ರಿಗೆ ಹೇಳ್ರಿ' ಅಂದ. ಅದಕ್ಕೇ ಈ ಕಾಗದ. ತಪ್ಪು ನನ್ನದು. ಹಿರಿಯನಾಗಿ ಆಡಬಾರದ ಮಾತು ಆಡಿದೆ, ಅದು ನನ್ನನ್ನು ಹನ್ನೊಂದು ತಿಂಗಳು ತಿಂದಿದೆ. ಮನಸ್ಸಿನಿಂದ ತೆಗೆದುಹಾಕು ಎಂದು ಕೇಳಿಕೊಳ್ಳುತ್ತೇನೆ.

ಹಂಪಮ್ಮನಿಗೆ ನನ್ನ, ನಿನ್ನ ಅತ್ತಿಗೆಯ ಆಶೀರ್ವಾದ ತಿಳಿಸು. ಪಂಪಾವತಿ ಇಬ್ಬರಿಗೂ ಶರಣು ಹೇಳಿದ್ದಾಳೆ. ವಿರೂಪಾಕ್ಷ ನಿಮ್ಮನ್ನು ಚೆನ್ನಾಗಿ ಇಟ್ಟಿರಲಿ.

ನಿನ್ನ ಅಣ್ಣ,
ಉಜ್ಜಿನಪ್ಪ

ತಾ. ಕ.: ಟಪಾಲು ಹೋಗುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಪಂಪಾವತಿಗೆ ಒಳ್ಳೆಯ ಸಂಬಂಧ ಕೂಡಿಬಂದಿದೆ, ಫಾಲ್ಗುಣದಲ್ಲಿ ಮದುವೆ. ಇದರೊಳಗೆ ಇಟ್ಟಿರುವುದು ಅವಳ ಲಗ್ನಪತ್ರಿಕೆಯ ಮೊದಲ ಪ್ರತಿ. ಪ್ರೆಸ್ಸಿನವನು ಬಂಗಾರದ ಅಂಚಿನವೇ ತೋರಿಸಿದ. ನಾನು ನಿನ್ನ ಪತ್ರಿಕೆಯನ್ನು ಪಕ್ಕದಲ್ಲಿಟ್ಟುಕೊಂಡು ಅಷ್ಟೇ ತೆಳ್ಳಗಿನದನ್ನು ಆರಿಸಿದೆ, ಬೀಗರು ಏನಾದರೂ ಅಂದುಕೊಳ್ಳಲಿ. ಕೆಳಗೆ ಆಹ್ವಾನಿಸುವವರ ಜಾಗದಲ್ಲಿ, ನಿನ್ನನ್ನು ಕೇಳದೆ, ನನ್ನ ಹೆಸರಿನ ಪಕ್ಕ ನಿನ್ನ ಹೆಸರು ಹಾಕಿಸಿದ್ದೇನೆ. ನೀನು ಬೇಡವೆಂದರೆ ತೆಗೆಸುತ್ತೇನೆ, ಆಗ ನನ್ನ ಹೆಸರೂ ಬೇಡ, ಅವಳ ತಾಯಿಯೊಬ್ಬಳೇ ಕರೆಯಲಿ. ಉಳಿದ ಪ್ರತಿಗಳ ಅಚ್ಚು ನಿಲ್ಲಿಸಿದ್ದೇನೆ. ಬೇಡವಾದರೆ ಮಾತ್ರ ಕಾಗದ ಬರೆ. ಇಲ್ಲದಿದ್ದರೆ ಮುಂದಿನ ಅಮಾವಾಸ್ಯೆಯ ಒಳಗೆ ಇಬ್ಬರೂ ಬಂದುಬಿಡಿ, ಕೀಲಿಕೈ ನೀನಿಟ್ಟ ತಕ್ಕಡಿಯ ಮೇಲೇ ಇರುತ್ತದೆ. ಇನ್ನು ಮುಂದೆ ಪಾಯಿಂಟ್ ಸೆಟ್ ಮಾಡುವವನು ನೀನು. ಬರುವಾಗ ಈ ಪತ್ರಿಕೆ ತಾ, ಅಳತೆಗೆ ಬೇಕು.