ಮೇಡಂ ಹೇಳಿದ ತೂಕ

ಬುಧವಾರ, ಮಾರ್ಚ್ ೧೪

ನಾಳೆ ಎಂಟಕ್ಕೆ ಪೈಲಟ್ ಲೈಸೆನ್ಸಿನ ಹಾರಾಟದ ಪರೀಕ್ಷೆ. ಗಾಳಿಯಲ್ಲ, ಇಂಜಿನ್ನಲ್ಲ, ತೂಕದ ಪಟ್ಟಿ ತಲೆ ತಿನ್ನುತ್ತಿದೆ. ಪುಟ್ಟ ವಿಮಾನ, ಎರಡೇ ಸೀಟು. ಇಂಧನ, ಚೀಲ, ಇಬ್ಬರ ಮೈಭಾರ ಎಲ್ಲ ಸೇರಿ ಮಿತಿಯೊಳಗಿರಬೇಕು.

ಪಟ್ಟಿಯಲ್ಲಿ ನನ್ನದು ಎಪ್ಪತ್ತೆಂಟು ಕಿಲೋ ಎಂದು ಮೊದಲಿನಿಂದಲೂ ಬರೆಯುತ್ತ ಬಂದಿದ್ದೇನೆ. ಊಟಕ್ಕೆ ಮುಂಚೆ ಯಾಕೋ ಅನುಮಾನ ಬಂದು ಬಚ್ಚಲ ಬಾಗಿಲ ಬಳಿಯ ತೂಕದ ಯಂತ್ರ ಹತ್ತಿದೆ. ಎಂಬತ್ತಾರು. ಇಳಿದು ಮತ್ತೆ ಹತ್ತಿದೆ. ಅದೇ.

"ಕನ್ನಡಕ ತೆಗೆದು ನಿಂತ್ಕೊಳ್ಳಿ, ಕಮ್ಮಿ ಕಾಣುತ್ತೆ," ಅಂದಳು ಹೆಂಡತಿ, ಟವೆಲ್ ಮಡಿಸುತ್ತ.

ನನಗೆ ನಗು ಬರಲಿಲ್ಲ. ಇಷ್ಟು ತಿಂಗಳೂ ಎಂಟು ಕಿಲೋ ಟಿಕೆಟ್ಟಿಲ್ಲದೆ ನನ್ನ ಜೊತೆ ಹಾರಾಡಿದೆ. ಪಟ್ಟಿ ಹರಿದು ಹೊಸದಾಗಿ ಬರೆದೆ. ಮಿತಿ ಮುಟ್ಟಲು ಇನ್ನು ಮೂರೇ ಕಿಲೋ ಬಾಕಿ.

ಅದೂ ನಾಳೆ ಪಕ್ಕದ ಸೀಟಿನಲ್ಲಿ ಕೂತು ಪರೀಕ್ಷೆ ಮಾಡುವ ಮೇಡಂ ಹೇಳಿದ್ದು ನಿಜವಾದರೆ. ಸಂಜೆ ಫೋನಿನಲ್ಲಿ ಅವರ ತೂಕ ಕೇಳುವಷ್ಟರಲ್ಲಿ ಬೆವತುಹೋಗಿದ್ದೆ. "ಅರವತ್ತೆಂಟು ಅಂತ ಹಾಕ್ಕೊಳ್ಳಿ," ಅಂದರು. ಹೇಳುವ ಮೊದಲು ಒಂದು ಗಳಿಗೆ ಸುಮ್ಮನಿದ್ದರು.

ಮೊದಲ ಪಾಠದ ದಿನ ಎಪ್ಪತ್ತೆಂಟು ಅನ್ನುವ ಮೊದಲು ನಾನೂ ಅಷ್ಟೇ ಹೊತ್ತು ಸುಮ್ಮನಿದ್ದೆ.