ಯಾರ ಹೆಸರು ಮೇಲೆ

ಜಬ್ಬಾರ್ ಚಾಚಾ,

ಗುಬ್ಬಿಯಲ್ಲಿ ಮಧ್ಯಾಹ್ನ ಕರೆಂಟು ಹೋದಾಗಲೆಲ್ಲ ನೀವು ನೆನಪಾಗುತ್ತೀರಿ. ನನ್ನ ಬ್ರೌಸಿಂಗ್ ಸೆಂಟರಿನ ಕಂಪ್ಯೂಟರುಗಳು ಸುಮ್ಮನಾಗುತ್ತಿದ್ದಂತೆ ಗೋಡೆಯಾಚೆ ನಿಮ್ಮ ಪ್ರೆಸ್ಸಿನ ಸದ್ದು ಕೇಳತೊಡಗುತ್ತಿತ್ತು. ಕಾಲಲ್ಲಿ ತುಳಿಯುವ ನಿಮ್ಮ ಮಿಷನ್ನಿಗೆ ಕರೆಂಟಿನ ಹಂಗೆಲ್ಲಿತ್ತು? ಸೀಮೆಎಣ್ಣೆ, ಮಸಿ, ಹೊಸ ಕಾಗದ ಎಲ್ಲ ಕಲೆತ ಆ ವಾಸನೆಗೆ ನನಗೆ ಕೂತಲ್ಲೇ ಜೊಂಪು ಹತ್ತುತ್ತಿತ್ತು. ಈಗಲೂ ಹತ್ತುತ್ತದೆ, ಆದರೆ ಆ ಸದ್ದು ಮಾತ್ರ...

ನೀವು ಮೊದಲ ಸಲ ನನ್ನ ಅಂಗಡಿಗೆ ಬಂದು ಕೂತ ದಿನ ಕೇಳಿದ್ದು ಒಂದೇ. ಬೋರಲಿಂಗಯ್ಯ ಸಿಗಬೇಕು. ನಿಮ್ಮ ಜೊತೆ ಸೇರಿ ಪ್ರೆಸ್ ಶುರುಮಾಡಿದವರು, ಬೋರ್ಡಿನಲ್ಲಿ ಯಾರ ಹೆಸರು ಮೇಲೆ ಬರಬೇಕು ಅಂತ ಜಗಳವಾಡಿ ಎದ್ದುಹೋದವರು. ಬೆಂಗಳೂರು ಅಂದರು ಕೆಲವರು, ಹುಬ್ಬಳ್ಳಿ ಅಂದರು ಕೆಲವರು. ಇಂಟರ್ನೆಟ್ಟಿನಲ್ಲಿ ಎಲ್ಲಾ ಸಿಗುತ್ತಂತೆ ಎಂದು ಯಾರೋ ನಿಮ್ಮ ಕಿವಿಗೆ ಹಾಕಿದ್ದರು. ನಾನು ಹುಡುಕಿದೆ, ಸುಳಿವೇ ಇಲ್ಲ. ಹಾಗಾದರೆ ಅವರೇ ಎಂದಾದರೂ ಹುಡುಕಿದಾಗ ನೀವು ಸಿಗುವಂತೆ ಒಂದು ಪುಟ ಮಾಡಿಡೋಣ ಅಂದೆ. ಅಷ್ಟು ಸಿಟ್ಟಿನಲ್ಲಿ ಹೋದವನು ನನ್ನನ್ನು ಯಾಕೆ ಹುಡುಕುತ್ತಾನೆ ಎಂದು ಕೇಳಿದಿರಿ. ನಾನು ಪುಟ ಮಾಡಲು ಕೂತೇಬಿಟ್ಟೆ.

ಆ ಪುಟಕ್ಕೆ ನೀವು ಕೊಟ್ಟ ಒಕ್ಕಣೆ ನೆನೆದರೆ ಈಗಲೂ ನಗು. ಜೀವಮಾನವೆಲ್ಲ ಲಗ್ನಪತ್ರಿಕೆ ಜೋಡಿಸಿದ ಕೈ ಇನ್ನೇನು ತಾನೇ ಬರೆದೀತು? ಮೊದಲು ಸುಸ್ವಾಗತ, ಆಮೇಲೆ ಹಿರಿಯರ ಆಶೀರ್ವಾದ, ನಿಮ್ಮ ಅಬ್ಬಾ, ಅವರ ಅಬ್ಬಾ, ಊರು, ತಾಲ್ಲೂಕು. ಬೋರಲಿಂಗಯ್ಯನವರ ಹೆಸರು ಬಂದದ್ದು ಎಲ್ಲಕ್ಕೂ ಕೆಳಗೆ, ಆಗಮನಾಭಿಲಾಷಿಗಳ ಪಕ್ಕ. ಹಾಗೇ ಹಾಕಿದೆ. ಕೆಲವು ವಾರ ಬಿಟ್ಟು ಹುಡುಕಿದರೆ ನಮ್ಮ ಪುಟ ಎಲ್ಲೋ ಹಿಂದೆ ಬಿದ್ದಿತ್ತು. ಅಲ್ಲೂ ಕಂಡದ್ದು ಬರೀ ಸುಸ್ವಾಗತ, ಅವರ ಹೆಸರಿಲ್ಲ.

ಇದನ್ನೆಲ್ಲ ಓದೋದು ಯಾರಮ್ಮ ಎಂದು ನೀವು ಕೇಳಿದ ಸಂಜೆ ನೆನಪಿದೆಯಾ? ಮನುಷ್ಯರಲ್ಲ ಚಾಚಾ, ಒಂದು ಮಿಷನ್ನು ಪುಟದಿಂದ ಪುಟಕ್ಕೆ ಓದುತ್ತ ತಿರುಗುತ್ತಿರುತ್ತದೆ, ತಲೆಬರಹಕ್ಕೂ ದಪ್ಪಕ್ಷರಕ್ಕೂ ಮೊದಲ ಮರ್ಯಾದೆ, ಆಮೇಲೆ ಕೆಳಗಿನ ವಿಷಯ ಅದಕ್ಕೆ ಹೊಂದುತ್ತದಾ ಅಂತ ನೋಡುತ್ತದೆ ಅಂದೆ. ಹಾಗಾದರೆ ಅವನ ಹೆಸರನ್ನೇ ಪುಟದ ತುಂಬಾ ಬರೆದುಬಿಡು ಅಂದಿರಿ. ಅದನ್ನು ಮೋಸ ಅಂದುಕೊಂಡು ನಮ್ಮನ್ನೇ ಹೊರಗೆ ಹಾಕುತ್ತದೆ ಅಂದೆ. ಮರುದಿನ ಮಧ್ಯಾಹ್ನದ ಜೊಂಪಿನಲ್ಲಿ ಆ ಮಿಷನ್ನು ಬಸ್ ಸ್ಟ್ಯಾಂಡಿನ ಕಡೆಯಿಂದ ಒಂದೊಂದೇ ಬೋರ್ಡು ಓದುತ್ತ ಬಂದು, ನಿಮ್ಮ ಬಾಗಿಲ ಮುಂದೆ ನಿಲ್ಲದೆ ಹೋದ ಹಾಗಾಯಿತು. ಎದ್ದವಳೇ ಗೋಡೆಯಾಚೆ ಬಂದು ಕೇಳಿದೆ: ಅವರು ಹುಡುಕಿದರೆ ಏನಂತ ಹುಡುಕಬಹುದು?

ನೀವು ಕೈಯಲ್ಲಿದ್ದ ಅಚ್ಚಿನ ಮೊಳೆಯನ್ನು ತಿರುಗಿಸುತ್ತಲೇ ಹೇಳಿದಿರಿ.

"ಬಾಯ್ಬಿಟ್ಟು ನನ್ ಹೆಸ್ರು ಹೇಳಲ್ಲ ಕಣಮ್ಮ ಅವ್ನು. ತನ್ ಹೆಸ್ರೇ ಹುಡುಕ್ತಾನೆ. ಅವನ್ದೇ ಮೇಲಕ್ ಹಾಕ್ಬುಡು."

ಹಾಕಿದೆವು. 'ಬೋರಲಿಂಗಯ್ಯ ಮತ್ತು ಜಬ್ಬಾರ್ ಪ್ರೆಸ್, ಗುಬ್ಬಿ.' ಅದರ ಕೆಳಗೆ ನೀವು ಹೇಳುತ್ತ ಹೋದಿರಿ, ನಾನು ಟೈಪು ಮಾಡುತ್ತ ಹೋದೆ. ಗುಲಾಬಿ ಕಾಗದದ ನಾಟಕದ ಹ್ಯಾಂಡ್‌ಬಿಲ್ಲು, ಚೇಳೂರು ಸಂತೆಯಲ್ಲಿ ಅಂಟು ಆರುವ ಮೊದಲೇ ಮೇಕೆ ತಿಂದ ಪೋಸ್ಟರು, ಅದಕ್ಕೆ ಮೇಕೆಯ ಯಜಮಾನಿಯ ಜೊತೆ ಬೋರಲಿಂಗಯ್ಯನವರು ಕಾದಾಡಿದ್ದು. ಮುಗಿದ ಮೇಲೆ ತಲೆಬರಹ ನೋಡುತ್ತ, ಇಷ್ಟಕ್ಕೇನಾ ನಾವು... ಅಂದಿರಿ.

ಪುಟ ಮೇಲೇರಿತು. ಅವರ ಹೆಸರಿನ ಜೊತೆ ಗುಬ್ಬಿ ಎಂದು ಹೊಡೆದರೆ ಮೊದಲು ಬರುತ್ತಿದ್ದದ್ದು ನಮ್ಮದೇ. ಬಸ್ಸಿಗೆ ಕಾಯುವವರ ಹಾಗೆ ದಿನಾ ಬಂದು, ಬಂದ್ನಾ ಅಂತ ಕೇಳುತ್ತಿದ್ದಿರಿ. ಕೇಳುತ್ತ ಕೇಳುತ್ತಲೇ ಹೋಗಿಬಿಟ್ಟಿರಿ. ಆ ಮನುಷ್ಯನ ಮೇಲೆ ನನಗೆ ಎಷ್ಟು ಕೋಪ ಬಂದಿತ್ತು ಗೊತ್ತಾ?

ಚಾಚಾ, ಅವರು ಹೋದ ವಾರ ಬಂದಿದ್ದರು. ಇಷ್ಟು ದಿನವೂ ಇದ್ದದ್ದು ಕುಣಿಗಲ್ ಹತ್ತಿರದ ಕೊತ್ತಗೆರೆಯಲ್ಲಂತೆ, ಇಲ್ಲೇ ಮಗ್ಗುಲಲ್ಲಿ. ಟೀಚರಾಗಿರುವ ಮಗಳು ಕಂಪ್ಯೂಟರ್ ಕಲಿಯುವಾಗ ತಮಾಷೆಗೆ ಅಪ್ಪನ ಹೆಸರು, ಅಪ್ಪ ಸದಾ ಹೇಳುತ್ತಿದ್ದ ಊರು ಹೊಡೆದಿದ್ದಾರೆ. ನೀವಿಲ್ಲ ಎಂದು ನಾನು ಗಡುಸಾಗಿಯೇ ಹೇಳಿದೆ. ಬಾಗಿಲು ಹಾಕಿದ್ದ ಪ್ರೆಸ್ಸಿನ ಮೆಟ್ಟಿಲ ಮೇಲೆ ಅವರು ಕೂತುಬಿಟ್ಟರು. ಕೋಪ ಎಲ್ಲಿ ಹೋಯಿತೋ, ಒಳಗೆ ಕರೆದು ಪುಟ ತೋರಿಸಿದೆ. ಮೇಕೆಯ ಕಥೆ ಓದುತ್ತ ನಕ್ಕರು, ಕಣ್ಣೊರೆಸಿಕೊಂಡರು. ತಲೆಬರಹದ ಮೇಲೆ ಬೆರಳಿಟ್ಟು, ನನ್ನ ಹೆಸರು ಕೆಳಕ್ಕೆ ಹಾಕು ಅಂದರು. ಹಾಗೆ ಮಾಡಿದರೆ ಬೋರಲಿಂಗಯ್ಯ ಅಂತ ಹುಡುಕುವವರಿಗೆ ಪುಟ ಸಿಗೋದು ಕಷ್ಟ ಅಂದೆ.

"ನಾನ್ ಬಂದಾಯ್ತಲ್ಲಮ್ಮ. ಇನ್ಮೇಲೆ ಹುಡುಕ್ಬೇಕಾಗಿರೋದು ಜಬ್ಬಾರನ್ನ."

ಬದಲಾಯಿಸಿದ್ದೇನೆ ಚಾಚಾ. ಈಗ ನಿಮ್ಮ ಹೆಸರು ಮೇಲಿದೆ.

ನಿಮ್ಮ ಪಕ್ಕದಂಗಡಿಯ
ಶೈಲಾ